‘ಚಪ್ಲಿ ಹೊರಗ’ ಎಂಬ ಬ್ಯಾಂಡೂ ನನ್ನ ಹೊಟ್ಟೆಕಿಚ್ಚೂ

ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಬ್ಯಾಂಕಿನಿಂದ ಬಂದು, ಬ್ಯಾಗನ್ನು ಸೋಫಾದ ಮೇಲೆ ಎಸೆದು ಕೂತಿದ್ದೆ. ಮಗಳು ಶ್ರಾವ್ಯ ತನ್ನ ರೂಮಿನಿಂದ ಹೊರಗೆ ಬಂದಳು. ನನ್ನ ಮುಖವನ್ನೇ ನೋಡಿದಳು. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಹೇಳಿದಳು:

“ಎಷ್ಟ ಸೊರಗೀ ನೋಡು. ಉಂಡಿಯೋ ಇಲ್ಲೋ?”

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ.

ಇದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ? ಹೊಸ ಓದುಗರಿಗಾಗಿ ನಮ್ಮ ಮನೆಯ ಭಾಷೆಯ ವಿಚಾರ ಹೇಳಿಬಿಡುತ್ತೇನೆ (ಹಳಬರು ಈ ಪ್ಯಾರಾ ಹಾರಿಸಬಹುದು). ನಾನು ತಿಪಟೂರಿನವಳು. ಟ್ರಾನ್ಸ್‌ಫರ್ ಮೇಲೆ ವಿಶಾಖಪಟ್ಟಣಕ್ಕೆ ಬಂದೆ. ಮೂರು ವರ್ಷದಲ್ಲಿ ವಾಪಸ್ ಬರುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಭೀಮುನಿಪಟ್ಟಣದ ರಾಜಶೇಖರ್ ಸಿಕ್ಕರು, ಮದುವೆಯಾಯಿತು, ಇಲ್ಲೇ ಉಳಿದೆ. ಅವರಿಗೆ ದುವ್ವಾಡದ ಎಕ್ಸ್‌ಪೋರ್ಟ್ ಜೋನಿನಲ್ಲಿ ಕೆಲಸ. ಅವರ ಮಾತು ತೆಲುಗು, ನನ್ನದು ಕನ್ನಡ. ಮಗಳದು? ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತೆಲುಗಿನಲ್ಲಿ ಉತ್ತರಿಸುತ್ತಾಳೆ. ಎಲ್ಲವೂ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ತಿಪಟೂರಿನ ಅಜ್ಜಿ ಫೋನ್ ಮಾಡಿದರೆ “ಚೆನ್ನಾಗಿದೀನಿ ಅಜ್ಜಿ, ಅಮ್ಮಂಗೆ ಕೊಡ್ತೀನಿ” ಎನ್ನುತ್ತಾಳೆ. ಹದಿನೇಳು ವರ್ಷದ ಹುಡುಗಿಯ ಒಟ್ಟು ಕನ್ನಡ ಅಷ್ಟೇ.

ಅಂಥವಳು, ಯಾರೂ ಕೇಳದೆ, ಯಾವ ಹಬ್ಬವೂ ಇಲ್ಲದೆ, ತಾನಾಗಿ ಕನ್ನಡ ಆಡಿದ್ದಳು. ಅದೂ ನನ್ನ ಊಟದ ಬಗ್ಗೆ. ತಿಪಟೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳೋಣ ಎಂದು ಮೊಬೈಲ್ ಕೈಗೆತ್ತಿಕೊಂಡೆ.

ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೊರಗೀ? ಉಂಡಿಯೋ? ಈ ಮಾತುಗಳು ನಮ್ಮ ಮನೆಯವಲ್ಲ. ತಿಪಟೂರಿನಲ್ಲಿ ನಾವು “ಎಷ್ಟು ಸಣ್ಣ ಆಗಿದೀಯ, ಊಟ ಮಾಡಿದ್ಯಾ” ಅನ್ನುತ್ತೇವೆ. ಇದು ಗದಗ, ಹುಬ್ಬಳ್ಳಿ ಕಡೆಯ ಮಾತು. ನನ್ನ ಮಗಳ ಬಾಯಲ್ಲಿ ಯಾವಳೋ ಬೇರೆ ತಾಯಿ ಕೂತು ಮಾತಾಡಿದಂತಾಯಿತು.

“ಎಲ್ಲಿ ಕಲಿತೆ ಇದನ್ನ?” ಎಂದೆ. ಕೇಳಿದ ಧಾಟಿ ಸರಿಯಿರಲಿಲ್ಲ ಅಂತ ಕಾಣುತ್ತೆ.

“ಅದಿ ಪಾಟಮ್ಮಾ,” ಎಂದು ಅವಳು ತನ್ನ ತೆಲುಗಿಗೆ ಮರಳಿದಳು.

ಹಾಡಂತೆ.

ಹಾಡು ತೋರಿಸಿದಳು. ‘ಚಪ್ಲಿ ಹೊರಗ’ ಎಂಬುದು ಬ್ಯಾಂಡಿನ ಹೆಸರು. ವಿಜಯವಾಡದ ಇಬ್ಬರು ಹುಡುಗರು, ಅಣ್ಣ ತಮ್ಮ. ಕಿರಣ್ ಹಾಡುತ್ತಾನೆ, ಚರಣ್ ಕೀಬೋರ್ಡ್ ನುಡಿಸುತ್ತಾನೆ. ಆನ್‌ಲೈನಿನಲ್ಲಿ ಐದಾರು ಹಾಡು ಹಾಕಿದ್ದಾರೆ. ಕೇಳುವವರೆಲ್ಲ ಸೇರಿದರೂ ಒಂದು ಸಣ್ಣ ಕಲ್ಯಾಣ ಮಂಟಪ ತುಂಬಲಿಕ್ಕಿಲ್ಲ. ವಿಡಿಯೋದಲ್ಲಿ ಹಿಂದುಗಡೆ ಕೆಂಪು, ನೀಲಿ ರೆಕ್ಸಿನ್ ಸುರುಳಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅದರ ಮುಂದೆ ಕಿರಣ್ ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡು, ಪ್ರೀತಿಯಲ್ಲಿ ಸೋತು ಹೋದವನಂತೆ ಹಾಡುತ್ತಾನೆ:

“ಚಪ್ಲಿ ಹೊರಗ ಬಿಡು, ಒಳಗ ಬಾ,
ಕೈಕಾಲ ತೊಳಕೊಂಡು ಕುಂದರ ಬಾ,
ಎಷ್ಟ ಸೊರಗೀ ನೋಡು, ಉಂಡಿಯೋ ಇಲ್ಲೋ,
ಸಾರು ಸುಡತೈತಿ, ಊದಿಕೊಂಡು ಉಣ್ಣು.”

ಇದು ಪ್ರೇಮಗೀತೆ. ವಿರಹಗೀತೆಯೂ ಒಂದಿದೆ. ಅದರಲ್ಲಿ ಹುಡುಗಿ ಬಿಟ್ಟುಹೋಗಿದ್ದಾಳೆ. ಅವನು ಹಾಡುವುದು: “ಹೊಂಟಿ ಅಂದ್ರ ಹೋಗು, ಫ್ಯಾನ್ ಬಂದ್ ಮಾಡಿ ಹೋಗು.” ನಡುವೆ ಸಂಗೀತ ನಿಲ್ಲುತ್ತದೆ. ಎಲ್ಲೋ ದೂರದಿಂದ ಒಬ್ಬ ಹೆಂಗಸು “ಗ್ಯಾಸ್ ಬಂದ್ ಮಾಡೋ, ಹಾಲು ಉಕ್ಕಾಕತ್ತೈತಿ” ಎಂದು ಕೂಗುತ್ತಾಳೆ. ಮತ್ತೆ ಸಂಗೀತ.

ಶ್ರಾವ್ಯಳಿಗೆ ಎಲ್ಲ ಹಾಡೂ ಬಾಯಿಪಾಠ. ಅವಳಿಗೆ ಕನ್ನಡ ಓದಲು ಬರುವುದಿಲ್ಲ (ಈ ಅಂಕಣವನ್ನು ಅವಳು ಒಂದು ಸಲವೂ ಓದಿಲ್ಲ). ಸಾಲುಗಳನ್ನು ತೆಲುಗು ಲಿಪಿಯಲ್ಲಿ ಬರೆದು ಕಲಿತಿದ್ದಾಳೆ. ನಾನು ಕಲಿಸಲು ಹೋದಾಗ ‘ಳ’ ಮತ್ತು ‘ಲ’ದ ನಡುವೆ ನಿದ್ದೆ ಹೋಗುತ್ತಿದ್ದ ಹುಡುಗಿ ಇವಳು.

ಸರಿ, ಪ್ರಶ್ನೆಗೆ ಬರುತ್ತೇನೆ. ಈ ಹುಡುಗರು ಮನಸ್ಸಿನಿಂದ ಹಾಡುತ್ತಿದ್ದಾರೋ, ಅಣಕಿಸುತ್ತಿದ್ದಾರೋ?

ನನಗೆ ವಾರವಿಡೀ ಇದೇ ಯೋಚನೆ. ಎಂ.ಎ.ಯಲ್ಲಿ ವಿಡಂಬನೆಯ ಬಗ್ಗೆ ಒಂದು ಇಡೀ ಪೇಪರ್ ಓದಿದ್ದೇನೆ (ಓದಿದ್ದೇನೆ ಎಂದು ನೆನಪು, ಪರೀಕ್ಷೆ ಬರೆದಿದ್ದಂತೂ ನಿಜ). ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಪುರಾವೆ ಹುಡುಕಿದೆ. ಅಣಕ ಎನ್ನುವುದಕ್ಕೆ ಪುರಾವೆ ಬೇಕಾದಷ್ಟಿತ್ತು. ಬ್ಯಾಂಡಿನ ಹೆಸರೇ ಸಾಕಲ್ಲ. ಹಾಲು ಉಕ್ಕುವ ಕೂಗು ತಾಳಕ್ಕೆ ಸರಿಯಾಗಿ ಬೀಳುತ್ತದೆ, ಅದು ಬೇಕೆಂದೇ ಮಾಡಿದ್ದು. ಕೆಳಗೆ ಕಾಮೆಂಟ್ ಹಾಕಿದವರಲ್ಲಿ ಅರ್ಧ ಜನ ನಗುತ್ತಿದ್ದರು.

ಇನ್ನರ್ಧ ಜನ ಅಳುತ್ತಿದ್ದರು. ಅದೇ ತಲೆನೋವು. ಕಿರಣ್‌ನ ಮುಖದಲ್ಲಿ ಒಂದು ಸಣ್ಣ ಕಿರುನಗೆಯಾದರೂ ಸಿಗುತ್ತದೇನೋ ಎಂದು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸಿಗಲಿಲ್ಲ. ‘ಊದಿಕೊಂಡು ಉಣ್ಣು’ ಎನ್ನುವಲ್ಲಿ ಅವನ ಧ್ವನಿ ಸ್ವಲ್ಪ ಒಡೆಯುತ್ತದೆ. ಅಣಕಿಸುವವರ ಧ್ವನಿ ಒಡೆಯುತ್ತದೆಯೇ? ಒಡೆಯುವಂತೆ ಪ್ರಾಕ್ಟೀಸ್ ಮಾಡಬಹುದು. ಗೊತ್ತಿಲ್ಲ.

ಒಂದು ದಿನ ಬೆಳಿಗ್ಗೆ ರಾಜಶೇಖರ್ ಬಚ್ಚಲುಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಾ ಅದೇ ಹಾಡು ಗುನುಗಿದರು. ನಡುವೆ ತಲೆ ಹೊರಗೆ ಹಾಕಿ ಕೇಳಿದರು: “ಸೊರಗೀ ಅಂಟೇ ಏಂಟಿ?”

ಸೊರಗೀ ಅಂದರೆ ಏನು ಅಂತೆ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಅರ್ಥ ಕೇಳಿದ ಮೊದಲ ಕನ್ನಡ ಶಬ್ದ ಅದು. ಹಾಗೆಂದು ನಾನು ಅವರಿಗೇ ಹೇಳಿದೆ, ಅವರು ಒಪ್ಪಲಿಲ್ಲ. ಮದುವೆಯಾದ ಹೊಸತರಲ್ಲಿ ದಿನಕ್ಕೊಂದು ಶಬ್ದ ಕೇಳುತ್ತಿದ್ದರಂತೆ, ನಾನೇ ನಗುತ್ತಿದ್ದೆನಂತೆ. ನನ್ನ ಡೈರಿಯಲ್ಲಿ ಅಂಥದ್ದೇನೂ ಇಲ್ಲ. ಡೈರಿಯಲ್ಲಿ ಇಲ್ಲದ್ದೆಲ್ಲ ಆಗಿಯೇ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ನಾನು ಬರೆದದ್ದನ್ನೇ ನಾನು ಎಷ್ಟೋ ಸಲ ನಂಬುವುದಿಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದೇನು. ಅದು ಅಣಕವಾಗಿರಲಿ ಎಂದು ನಾನು ಬಯಸುತ್ತಿದ್ದೆ. ಅಣಕವಾಗಿದ್ದರೆ ನನಗೆ ನೆಮ್ಮದಿ. ಮಗಳಿಗೆ ಹೇಳಬಹುದಿತ್ತು: ನೋಡು, ಅವರು ತಮಾಷೆ ಮಾಡ್ತಿದ್ದಾರೆ, ನೀನು ಮೋಸ ಹೋದೆ, ಇತ್ತ ಬಾ, ನಿಜವಾದ ಕನ್ನಡ ಇಲ್ಲಿದೆ. ಆದರೆ ಮನಸ್ಸಿನಿಂದಲೇ ಹಾಡುತ್ತಿದ್ದರೆ? ಆಗ ಯಾವಳೋ ಒಬ್ಬಳು ಅಡುಗೆಮನೆಯಿಂದ “ಗ್ಯಾಸ್ ಬಂದ್ ಮಾಡೋ” ಎಂದು ಕೂಗಿದ್ದೇ ಗೆದ್ದಿತು. ನಾನು ಊರಿನಿಂದ ಹೊತ್ತು ತಂದ ಪುಸ್ತಕಗಳು, ಮಲಗುವಾಗ ಹೇಳಿದ ಕಥೆಗಳು, ವಾರ ವಾರ ಬರೆಯುವ ಈ ಅಂಕಣ, ಎಲ್ಲ ಸೋತವು.

ಅಷ್ಟರಲ್ಲಿ ಬ್ಯಾಂಡ್ ನಿಂತುಹೋಯಿತು.

ಹೊಸ ಹಾಡು ಬರಲಿಲ್ಲ. ಇದ್ದ ಹಾಡುಗಳಲ್ಲಿ ಎರಡನ್ನು ತೆಗೆದುಹಾಕಿದರು. ಶ್ರಾವ್ಯ ಅವರಿಗೆ ಮೆಸೇಜ್ ಮಾಡಿ ಕಾರಣ ಕೇಳಿಕೊಂಡು ಬಂದಳು. ಅಭಿಮಾನಿಗಳೇ ಕಡಿಮೆ ಇರುವ ಬ್ಯಾಂಡಿನಲ್ಲಿ ಇದೊಂದು ಅನುಕೂಲ, ಉತ್ತರ ಬೇಗ ಬರುತ್ತದೆ.

ನಡೆದದ್ದು ಇಷ್ಟು. ಹಾಡಿನಲ್ಲಿ ಕೂಗುವ ಹೆಂಗಸು ಆ ಹುಡುಗರ ತಾಯಿ. ಹೆಸರು ಶಾಂತವ್ವ, ಗದಗಿನವರು. ಮದುವೆಯಾಗಿ ವಿಜಯವಾಡಕ್ಕೆ ಬಂದವರು. ಗಂಡನದು ಆಟೋನಗರದಲ್ಲಿ ಲಾರಿ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ. ಹುಡುಗರು ಆಕೆಯ ಧ್ವನಿಯನ್ನು ಆಕೆಗೆ ತಿಳಿಯದಂತೆ ರೆಕಾರ್ಡ್ ಮಾಡಿದ್ದರು. ಹಾಡು ಹೇಗೋ ಗದಗಿನ ತವರುಮನೆಯ ಫ್ಯಾಮಿಲಿ ಗ್ರೂಪಿಗೆ ಹೋಯಿತು. ಅಲ್ಲಿ ಎಲ್ಲರೂ ನಕ್ಕರು. ಶಾಂತವ್ವನಿಗೆ ಅವಮಾನವಾಯಿತು.

ಆಕೆ ಕೂಗಾಡಲಿಲ್ಲ, ಊಟ ಬಿಡಲಿಲ್ಲ. ಮಕ್ಕಳ ಹತ್ತಿರ ಕನ್ನಡ ಮಾತಾಡುವುದನ್ನು ನಿಲ್ಲಿಸಿಬಿಟ್ಟರು. ಅವತ್ತಿನಿಂದ ಬರೀ ತೆಲುಗು.

“ಅಮ್ಮಾ, ನೀನು ಬಂದು ಹೇಳಬೇಕಂತೆ,” ಎಂದಳು ಶ್ರಾವ್ಯ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ. “ಇದು ಎಗತಾಳಿ ಅಲ್ಲ ಅಂತ. ನೀನು ಪೇಪರ್‌ನಲ್ಲಿ ಬರೀತೀಯ ಕದಾ. ನೀನು ಹೇಳಿದ್ರೆ ಅವರಮ್ಮ ನಂಬ್ತಾರಂತೆ.”

“ಅದು ಅಣಕ ಅಲ್ಲ ಅಂತ ನನಗೇ ಗೊತ್ತಿಲ್ಲವಲ್ಲೇ.”

“ಬಂದು ನೋಡು. ಪ್ಲೀಸ್.”

ಊರಿನಲ್ಲಿ ಬೇರೆ ಜಡ್ಜ್ ಸಿಗಲಿಲ್ಲವೇ ಇವರಿಗೆ?

ವಿಜಯವಾಡದಲ್ಲಿ ನನ್ನ ನಾದಿನಿಯ ಮನೆ ಇದೆ. ಹೇಗೂ ಹೋಗುವುದಿತ್ತು. ತಾಯಿ ಮಗಳು ರೈಲು ಹತ್ತಿದೆವು. ದುವ್ವಾಡ ದಾಟುವಾಗ ಕಿಟಕಿಯ ಪಕ್ಕ ಕೂತ ಶ್ರಾವ್ಯ ತುಟಿ ಅಲ್ಲಾಡಿಸುತ್ತಿದ್ದಳು. ಏನೇ ಅದು ಎಂದೆ. “ಪ್ರಾಕ್ಟೀಸ್,” ಎಂದಳು. ಶಾಂತವ್ವನ ಹತ್ತಿರ ಕನ್ನಡದಲ್ಲಿ ಮಾತಾಡಬೇಕಂತೆ, ತಪ್ಪಾಗಬಾರದಂತೆ. ಎದುರಿಗೆ ಕೂತಿದ್ದ ನನ್ನ ಮೇಲೆ ಪ್ರಾಕ್ಟೀಸ್ ಮಾಡಬಹುದಿತ್ತಲ್ಲ? ನನಗೆ ಚಿಪ್ಸ್ ಪ್ಯಾಕೆಟ್ ಕೊಟ್ಟಳು.

ಭಾನುವಾರ ಆಟೋನಗರ ಅರ್ಧ ಮುಚ್ಚಿತ್ತು. ಎಲ್ಲೋ ಒಂದು ಕಡೆ ವೆಲ್ಡಿಂಗ್ ನಡೆಯುತ್ತಿತ್ತು. ಚಕ್ರ ಕಳಚಿದ ಲಾರಿಗಳ ನಡುವೆ ದಾರಿ ಹುಡುಕಿಕೊಂಡು ಹೋದೆವು. ಕೆಳಗೆ ಅಂಗಡಿ, ಮೇಲೆ ಮನೆ. ಹುಡುಗರು ಮೆಟ್ಟಿಲ ಹತ್ತಿರವೇ ಕಾಯುತ್ತಿದ್ದರು. ವಿಡಿಯೋದಲ್ಲಿ ಕಂಡಷ್ಟು ದುಃಖಿತರಾಗಿರಲಿಲ್ಲ. ಕಿರಣ್ ಡಿಪ್ಲೊಮಾ ಮುಗಿಸಿ ತಂದೆಯ ಅಂಗಡಿ ನೋಡಿಕೊಳ್ಳುತ್ತಾನೆ, ಚರಣ್ ಡಿಗ್ರಿ ಓದುತ್ತಿದ್ದಾನೆ. ತಂದೆ ಯಾವುದೋ ಆರ್ಡರಿಗೆ ಏಲೂರಿಗೆ ಹೋಗಿದ್ದರು.

“ಬರ್ರಿ ಆಂಟಿ,” ಎಂದ ಕಿರಣ್. “ಚಪ್ಲಿ…” ಎಂದವನು ಅಲ್ಲಿಗೇ ನಿಲ್ಲಿಸಿ ಕೆಂಪಾದ.

“ಹೊರಗೇ ಬಿಡ್ತೀನಪ್ಪ,” ಎಂದೆ.

ತಾಯಿ ಅಡುಗೆಮನೆಯಲ್ಲಿದ್ದರು. ಅವರು ಹೊರಗೆ ಬರುವ ಮೊದಲೇ ನನ್ನ ವಿಚಾರಣೆ ಮುಗಿಸಿಬಿಡೋಣ ಎಂದುಕೊಂಡೆ.

“ನಿಜ ಹೇಳ್ರಪ್ಪ. ಇದು ತಮಾಷೆನಾ, ಸೀರಿಯಸ್ಸಾ?”

“ಸೀರಿಯಸ್ ಆಂಟಿ,” ಎಂದ ಕಿರಣ್.

“ಕಾಮಿಡಿ ಆಂಟಿ,” ಎಂದ ಚರಣ್.

ಇಬ್ಬರೂ ಒಟ್ಟಿಗೇ ಹೇಳಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮೊದ್ಲ ಕಾಮಿಡಿ ಅಂತನ ಮಾಡಿದ್ವಿರಿ,” ಎಂದ ಚರಣ್. “ರೆಕಾರ್ಡಿಂಗ್ ಮುಗಿಯೂದ್ರಾಗ ಇಂವ ಅಳಾಕತ್ತಿದ್ದ.”

“ನಾ ಎಲ್ಲಿ ಅತ್ತೆ? ನೀ ಅತ್ತಿ.”

“ನಾ ಕೀಬೋರ್ಡ್ ಮ್ಯಾಲಿದ್ದೆ. ನಾ ಹೆಂಗ ಅಳ್ಲಿ?”

ಹೋದ ವರ್ಷದ ಮಾತು. ಇಬ್ಬರೂ ಒಂದೇ ರೂಮಿನಲ್ಲಿದ್ದರು. ಯಾರು ಅತ್ತದ್ದು ಎಂಬುದರ ಬಗ್ಗೆ ಒಮ್ಮತವಿಲ್ಲ. ನನಗೆ ಅವರ ಮೇಲೆ ಮೊದಲ ಸಲ ಸ್ವಲ್ಪ ನಂಬಿಕೆ ಬಂತು.

“ಆದರೆ ಪ್ರೀತಿಯ ಹಾಡಿಗೆ ಕೈಕಾಲು ತೊಳಿ, ಸಾರು ಉಣ್ಣು… ಬೇರೆ ಮಾತೇ ಸಿಗಲಿಲ್ವಾ?”

“ನಮ್ಗ ಬರೂ ಕನ್ನಡ ಅಷ್ಟ ಐತ್ರಿ ಆಂಟಿ,” ಎಂದ ಕಿರಣ್. “ಅವ್ವ ಬಿಟ್ರ ನಮ್ಮ ಜೋಡಿ ಕನ್ನಡ ಆಡೋರು ಯಾರದಾರು? ಅವ್ವ ಅಂದಿದ್ದು ಇಷ್ಟ. ಏಳು, ಕುಂದರು, ಉಣ್ಣು, ಹೊರಗ ಹೊಂಟ್ರ ಹೇಳಿ ಹೋಗು.” ಸ್ವಲ್ಪ ತಡೆದ. “ತೆಲುಗಿನ್ಯಾಗ ಲವ್ ಸಾಂಗಿಗೆ ಬೇಕಾದಷ್ಟ ಮಾತು ಬರ್ತಾವ್ರಿ. ಆದ್ರ ಅವೆಲ್ಲ ಪಿಚ್ಚರ್‌ನ್ಯಾಗ ಕೇಳಿದ್ದು. ನನಗ ಅಂತ ಯಾರೂ ಅಂದಿಲ್ಲ. ಇವು ನನಗ ಅಂದ ಮಾತು.”

ನಾನು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿದೆ. ಬಾಯಾರಿಕೆ ಇರಲಿಲ್ಲ.

ಶಾಂತವ್ವ ಹೊರಗೆ ಬಂದರು. ನನ್ನ ವಯಸ್ಸಿನವರೇ. ಮುಂಗೈಗೆ ಹಿಟ್ಟು ಮೆತ್ತಿತ್ತು. “ಬರ್ರಿ, ಕುಂದರ್ರಿ, ಬಿಸಲಾಗ ಬಂದೀರಿ,” ಎಂದರು ನಮಗೆ. ಆಮೇಲೆ ಮಕ್ಕಳ ಕಡೆ ತಿರುಗಿ, ಯಾರೋ ದೂರದ ನೆಂಟರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು: “ಮೀರು ಟೀ ತಾಗುತಾರಾ, ಕಾಫೀ ತಾಗುತಾರಾ?”

‘ಮೀರು’ ಅಂದರೆ ತೆಲುಗಿನಲ್ಲಿ ‘ನೀವು’. ಹೆತ್ತ ಮಕ್ಕಳಿಗೆ.

ಚರಣ್ ನನ್ನ ಕಿವಿಯ ಹತ್ತಿರ ಬಂದು, “ನೋಡಿದ್ರ್ಯಾ ಆಂಟಿ? ತಿಂಗಳಾತು. ಹೊಡದಿದ್ರ ಛಲೋ ಇತ್ತು,” ಎಂದ.

ಶ್ರಾವ್ಯ ಎದ್ದು ನಿಂತಿದ್ದಳು. ಶಾಂತವ್ವ ಅವಳ ಗಲ್ಲ ಹಿಡಿದು, “ಏನವಾ ತಂಗಿ, ಎಷ್ಟ ಸೊರಗೀ. ಹಾಸ್ಟೆಲ್‌ನ್ಯಾಗ ಇರ್ತಿಯೇನ?” ಎಂದರು.

ಹಾಡಿನ ಸಾಲು ಹಾಡಿನ ಒಡತಿಯ ಬಾಯಿಂದಲೇ ಬಂದಿತ್ತು. ನನ್ನ ಮಗಳ ಮುಖ ನೀವು ನೋಡಬೇಕಿತ್ತು.

“ಇಲ್ರಿ. ನಮ್ಮವ್ವನ ಕೂಡ ಮನ್ಯಾಗ ಇರ್ತೀನ್ರಿ,” ಎಂದಳು.

ನಮ್ಮವ್ವ. ನಾನು ಅವಳಿಗೆ ‘ಅಮ್ಮ’, ಹೆಚ್ಚೆಂದರೆ ‘ಮಮ್ಮೀ’. ಈಗ ಒಬ್ಬ ಅಪರಿಚಿತಳನ್ನು ಮೆಚ್ಚಿಸಲು ನನ್ನ ಹೆಸರನ್ನೇ ಬದಲಾಯಿಸಿದ್ದಳು. ಅದು ಸಾಲದೆಂಬಂತೆ, ಮನೆಯಲ್ಲಿದ್ದೂ ಸೊರಗಿದ್ದಾಳೆಂದರೆ ನನ್ನ ಅಡುಗೆಯ ಕಥೆ ಏನಾಯಿತು? ಇಬ್ಬರೂ ಪಟಪಟ ಮಾತಾಡತೊಡಗಿದರು. ಶ್ರಾವ್ಯ ತಡವರಿಸಿದಾಗ ಶಾಂತವ್ವ ಕಾಯುತ್ತಿದ್ದರು, ತಿದ್ದುತ್ತಿರಲಿಲ್ಲ. ನಾನಾಗಿದ್ದರೆ ತಿದ್ದುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಶಾಂತವ್ವ ನನ್ನನ್ನು ಅಡುಗೆಮನೆಗೆ ಕರೆದರು. ಜೋಳದ ರೊಟ್ಟಿ ಇರುತ್ತದೆ ಎಂದುಕೊಂಡಿದ್ದೆ. ಕಾವಲಿಯ ಮೇಲೆ ಪೆಸರಟ್ಟು, ಅದೇ ಆಂಧ್ರದ ಹೆಸರುಕಾಳಿನ ದೋಸೆ, ಹುಯ್ಯುತ್ತಿದ್ದರು, ನಮ್ಮ ಮನೆಯ ಹಾಗೇ.

“ಹುಡುಗ್ರು ನಿಮ್ಮನ್ನ ಯಾಕ ಕರಸ್ಯಾರ ಅನ್ನೂದು ನನಗ ಗೊತ್ತೈತಿ,” ಎಂದರು. “ನನ್ನ ತಮ್ಮನ ಹೆಂಡ್ತಿ ಫೋನ್ ಮಾಡಿದ್ಲು. ‘ಅಕ್ಕಾರ, ನಿಮ್ಮ ಮಕ್ಕಳು ನಿಮ್ಮನ್ನ ಛಲೋ ಆಡಿಕೊಂಡಾರ’ ಅಂದ್ಲು. ಆಕಿ ಹಿಂದ ಮನಿಮಂದಿ ಎಲ್ಲಾ ನಗೂದು ನನಗ ಕೇಳಸ್ತು.”

ಪೆಸರಟ್ಟಿನ ಅಂಚಿಗೆ ಎಣ್ಣೆ ಬಿಟ್ಟರು.

“ನಾನೂ ಬಿ.ಎ. ಮಾಡಿದಾಕಿರಿ. ಮಕ್ಕಳಿಗೆ ನಾಕ ಛಲೋ ಮಾತು ಹೇಳ್ಬೇಕು ಅಂತ ನನಗೂ ಇತ್ತು. ಮುಂಜಾನಿಂದ ಸಂಜಿತನಾ ಏಳೋ, ಉಣ್ಣೋ ಅನ್ನೂದ್ರಾಗ ಹೊತ್ತು ಹೋತು. ಆ ಒದರೂದನ್ನ ಜಗತ್ತಿಗೆಲ್ಲ ಕೇಳಸ್ಯಾರ. ಕೇಳಿದ್ರ ‘ಪ್ರೀತಿಲೇ ಮಾಡೀವಿ ಅವ್ವಾ’ ಅಂತಾರ. ಅದನ್ನೂ ನಕ್ಕೋತನ ಅಂತಾರ. ನಾ ಯಾವ್ದು ನಂಬ್ಲಿ?” ಸಟ್ಟುಗ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ನೀವು ಬರಿಯೋರು. ನಿಮಗ ತಿಳೀತೈತಿ. ಖರೆ ಹೇಳ್ರಿ. ಇವರು ನನ್ನ ನಗಿಪಾಟಲ ಮಾಡ್ಯಾರೋ ಇಲ್ಲೋ? ನೀವು ಹೂಂ ಅಂದ್ರ ಇವತ್ತಿಗೆ ಮುಗೀತು. ಉಳಿದ ಹಾಡೂ ತೆಗಸ್ತೀನಿ. ನನ್ನ ಮಾತು ನನ್ನ ಹತ್ರನ ಇರ್ಲಿ.”

ಓದುಗರೇ, ಒಂದು ಮಾತು ಸಾಕಿತ್ತು. ‘ಸ್ವಲ್ಪ ಅಣಕ ಇದೆ’ ಎಂದಿದ್ದರೆ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಚರಣನೇ ಕಾಮಿಡಿ ಅಂದಿದ್ದಾನಲ್ಲ. ಬ್ಯಾಂಡ್ ಮುಚ್ಚುತ್ತಿತ್ತು. ಶ್ರಾವ್ಯ ಒಂದೆರಡು ವಾರ ಸಪ್ಪಗಿದ್ದು ಬೇರೆ ಏನೋ ಹಿಡಿದುಕೊಳ್ಳುತ್ತಿದ್ದಳು. ನನ್ನ ಮನೆಯಲ್ಲಿ ಇನ್ನೊಬ್ಬಳ ದನಿ ಇರುತ್ತಿರಲಿಲ್ಲ. ಹೂಂ ಎನ್ನಲು ನಾನು ಬಾಯಿ ತೆರೆದಿದ್ದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಹೊರಗೆ ಶ್ರಾವ್ಯ ಏನೋ ಹೇಳಿ ಜೋರಾಗಿ ನಕ್ಕಳು. ಕನ್ನಡದಲ್ಲಿ.

“ಶಾಂತಮ್ಮ,” ಎಂದೆ, “ಅಣಕವೋ ಅಲ್ಲವೋ ನನಗೆ ತಿಳೀಲಿಲ್ಲ. ಅವರಿಗೇ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತಿರೋದು ಒಂದೇ. ಆ ಹಾಡು ಕೇಳಿದ ದಿನದಿಂದ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ನಗೆಪಾಟಲಾದವರ ಮೇಲೆ ಯಾರಿಗಾದ್ರೂ ಹೊಟ್ಟೆಕಿಚ್ಚಾಗುತ್ತಾ?”

(ಇಷ್ಟು ಚೆನ್ನಾಗಿ ಹೇಳಿದೆನೇ? ಅನುಮಾನ. ನಡುವೆ ತೊದಲಿದ್ದು ನೆನಪಿದೆ. ‘ಹೊಟ್ಟೆಕಿಚ್ಚು’ ಎಂದದ್ದಂತೂ ಖಂಡಿತ, ಏಕೆಂದರೆ ಆ ಶಬ್ದಕ್ಕೆ ಅವರ ಸಟ್ಟುಗ ನಿಂತಿತು.)

“ನಿಮ್ಗ? ನನ್ನ ಮ್ಯಾಲ?”

“ಹೂಂ.”

“ಪೇಪರ್‌ನ್ಯಾಗ ಬರಿಯೋರಿಗೆ?”

“ಹೂಂ.”

ಅವರು ನಕ್ಕರು. ದೊಡ್ಡ ನಗುವಲ್ಲ, ಮೂಗಿನಲ್ಲಿ. “ಯಾಕ, ನೀವು ನಿಮ್ಮ ಮಗಳಿಗೆ ಬೈಯಂಗಿಲ್ಲೇನು?”

“ಬೈತೀನಿ. ಇಂಗ್ಲಿಷಲ್ಲಿ.”

“ಇಂಗ್ಲಿಷ್‌ನ್ಯಾಗ ಯಾಕ?”

ಇಂಗ್ಲಿಷಿನಲ್ಲಿ ಯಾಕೆ? ಕೋಪ ಬಂದಾಗ ಅದೇ ಬರುತ್ತದೆ, ಆಫೀಸಿನ ಅಭ್ಯಾಸ. ಇಡೀ ದಿನ ಕೌಂಟರಿನಲ್ಲಿ ತೆಲುಗು, ಮೀಟಿಂಗಿನಲ್ಲಿ ಇಂಗ್ಲಿಷ್. ಅದನ್ನೇ ಅವರಿಗೂ ಹೇಳಿದೆ.

“ಸಿಟ್ಟಿಗೆ ಇಂಗ್ಲಿಷ್. ಅಪ್ಪನ ಕೂಡ ತೆಲುಗು. ಮತ್ತ ಕನ್ನಡ ಯಾತಕ್ಕ?”

“ಕಥೆ ಹೇಳೋದಕ್ಕೆ. ಹಾಡು, ಪದ್ಯ…”

“ಹಂಗಂದ್ರ ಹೊಟ್ಟಿ ತುಂಬಿದ ಮ್ಯಾಲಿಂದು,” ಎಂದರು ಶಾಂತವ್ವ. ಚುಚ್ಚಲು ಹೇಳಿದ್ದಲ್ಲ. ಪೆಸರಟ್ಟನ್ನು ಮಡಚಿ ತಟ್ಟೆಗೆ ಹಾಕಿ ನನ್ನ ಕೈಗೆ ಕೊಟ್ಟರು.

ತಟ್ಟೆಗಳನ್ನು ತೆಗೆದುಕೊಂಡು ಹೊರಗೆ ಬಂದೆವು. ಹುಡುಗರಿಬ್ಬರೂ ನನ್ನ ಮುಖ ನೋಡಿದರು, ರಿಸಲ್ಟ್ ಏನಾಯಿತು ಎಂಬಂತೆ. ನಾನು ತಲೆ ತಗ್ಗಿಸಿ ಚಟ್ನಿ ಬಡಿಸಿಕೊಂಡೆ. ಎಲ್ಲರೂ ತಿನ್ನುತ್ತಿದ್ದೆವು. ಚರಣ್ ಒಂದು ಕೈಯಲ್ಲಿ ಫೋನ್ ಹಿಡಿದಿದ್ದ. ಶಾಂತವ್ವ ಅವನನ್ನೇ ನೋಡುತ್ತಿದ್ದರು.

“ಮೀರು…” ಎಂದರು. ಅಲ್ಲಿಗೆ ನಿಂತರು.

“ಫೋನ್ ಕೆಳಗ ಇಡೋ,” ಎಂದರು. “ಉಣ್ಣುವಾಗ ಏನ್ ನೋಡ್ತಿ ಅದ್ರಾಗ? ಹಲ್ಲಿಗೆ ಹತ್ತೋವಲ್ದು, ಹೊಟ್ಟಿಗೆ ಹತ್ತೋವಲ್ದು.”

ಚರಣ್ ಫೋನ್ ಕೆಳಗಿಟ್ಟ. ತಟ್ಟೆಗೆ ಇನ್ನಷ್ಟು ಬಾಗಿ ತಿಂದ. ಕಿರಣ್ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. ಚಟ್ನಿ ಖಾರ ಎಂದು ಆಮೇಲೆ ಹೇಳಿದ. ನಾನೂ ಅದೇ ಚಟ್ನಿ ತಿಂದಿದ್ದೆ.

“ಇನ್ನ ಮ್ಯಾಲ ಮನಿಯೊಳಗ ಬರೂದಿದ್ರ ಫೋನ್ ಹೊರಗ,” ಎಂದರು ಶಾಂತವ್ವ, ಮಕ್ಕಳ ಕಡೆ ನೋಡದೆ. “ರೆಕಾರ್ಡ್ ಗಿಕಾರ್ಡ್ ನಡಿಯಂಗಿಲ್ಲ. ನಾ ಏನ ಅಂತೀನಿ ಅದು ನಿಮ್ಮ ತಲಿಯಾಗ ಉಳದ್ರ ಹಾಡ್ರಿ. ಉಳೀಲಿಲ್ಲಂದ್ರ ಬಿಡ್ರಿ.”

ಅಷ್ಟೇ. ಕ್ಷಮೆ ಕೇಳಿದ್ದಿಲ್ಲ, ಕಾಲಿಗೆ ಬಿದ್ದದ್ದಿಲ್ಲ. ಚರಣ್ ಇನ್ನೊಂದು ಪೆಸರಟ್ಟು ಕೇಳಿದ, ಕನ್ನಡದಲ್ಲಿ. ಅದಕ್ಕೆ ಬೈಸಿಕೊಂಡ, ಕನ್ನಡದಲ್ಲೇ. ಕೈ ತೊಳೆಯದೆ ಡಬ್ಬಿ ಮುಟ್ಟಿದ್ದನಂತೆ.

ಹೊಸ ಹಾಡು ಮೊನ್ನೆ ಬಂತು. ಅದರಲ್ಲಿ ತಾಯಿಯ ಧ್ವನಿ ಇಲ್ಲ. ಎರಡನೇ ನುಡಿಯಲ್ಲಿ ಅಣ್ಣ ಒಂದು ಸಾಲು ಹಾಡುತ್ತಾನೆ, ತಮ್ಮ ಅದೇ ಸಾಲನ್ನು ಬೇರೆ ಮಾತಿನಲ್ಲಿ ಹಾಡುತ್ತಾನೆ. ಅವ್ವ ಅಂದದ್ದು ಏನು ಎಂದು ಇಬ್ಬರಿಗೂ ಒಪ್ಪಿಗೆಯಾಗಲಿಲ್ಲವಂತೆ, ಎರಡೂ ಇಟ್ಟುಬಿಟ್ಟಿದ್ದಾರೆ. ಇದು ಅಣಕವೇ, ಪ್ರೀತಿಯೇ? ಗದಗಿನ ಗ್ರೂಪಿನಲ್ಲಿ ಈ ಸಲವೂ ನಕ್ಕಿರಬೇಕು. ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಹೋಗಿದೆ. ತಾಯಿಯ ದನಿ ಅನುಕರಿಸುವ ಮಗ ಯಾವಾಗ ನಗಿಸಲು ಮಾಡುತ್ತಾನೆ, ಯಾವಾಗ ನೆನಪಾಗಿ ಮಾಡುತ್ತಾನೆ ಎಂದು ಗೆರೆ ಎಳೆಯಲು ಯಾರಿಗೆ ಸಾಧ್ಯ? ನನ್ನ ಎಂ.ಎ. ಪೇಪರಿನಲ್ಲಿ ಇದಕ್ಕೆ ಉತ್ತರ ಇದ್ದಂತಿಲ್ಲ. ಇದ್ದರೂ ಮರೆತಿದ್ದೇನೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೀರಾ? ಇಲ್ಲ. ಇನ್ನೂ ಹೆಚ್ಚಾಗಿದೆ.

ಈಗ ಭಾನುವಾರ ಬಂತೆಂದರೆ ಶ್ರಾವ್ಯ ಶಾಂತವ್ವನಿಗೆ ಫೋನ್ ಮಾಡುತ್ತಾಳೆ. ಬಾಗಿಲು ಹಾಕಿಕೊಂಡು, ಸ್ಪೀಕರ್ ಹಾಕಿ ಮಾತಾಡುತ್ತಾಳೆ. ನಾನು ಈಚೆ ಕೂತು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತೇನೆ. ಕಾಲೇಜಿನ ಸುದ್ದಿ, ಗೆಳತಿಯ ಜೊತೆ ಜಗಳ, ನನಗೆ ಗೊತ್ತೇ ಇಲ್ಲದ ಎಷ್ಟೋ ವಿಷಯ, ಎಲ್ಲ ಕನ್ನಡದಲ್ಲಿ. ಆ ಕಡೆಯಿಂದ ಬೈಗುಳ ಬೀಳುತ್ತದೆ. ಈ ಕಡೆ ನಗು.

ಹೋದ ವಾರ ಫೋನ್ ಇಟ್ಟು ಬಂದು ನನ್ನ ಪಕ್ಕ ಕೂತಳು. ಒಂದು ಕಡ್ಡಿ ಮೆಂತ್ಯ ತೆಗೆದುಕೊಂಡು ಎಲೆ ಬಿಡಿಸಿದಳು. ಆಮೇಲೆ ನಿಧಾನವಾಗಿ, ಶಬ್ದ ಶಬ್ದ ಹುಡುಕಿಕೊಂಡು, ಗದಗನ್ನು ಪಕ್ಕಕ್ಕಿಟ್ಟು ಕೇಳಿದಳು:

“ಅಮ್ಮ, ನಿನ್ನ ಕನ್ನಡದಲ್ಲಿ ಹೇಗೆ ಬೈತಾರೆ? ಒಂದ್ಸಲ ಬೈ.”

ನಾನು ಬಾಯಿ ತೆರೆದು ಕೂತೆ. ಬೈಯಲು ಕಾರಣ ಇರಲಿಲ್ಲವೆಂದಲ್ಲ, ಒಂದು ಒಳ್ಳೆಯ ಕಾರಣವೇ ಇತ್ತು. ಆದರೆ ನನ್ನನ್ನು ಬಿಟ್ಟು ಇನ್ನೊಬ್ಬಳ ಹತ್ತಿರ ಕನ್ನಡ ಕಲಿತೆಯಲ್ಲೇ ಎಂದು ಯಾವ ತಾಯಿ ಮಗಳನ್ನು ಬೈದಾಳು?